ಅಲೆಯ ಸದ್ದು ಹಿಡಿದು ಓಡಿದ ಜೂಲಿ

ಕಣ್ಣು ಕಾಣದ ನಾಯಿ ಅಷ್ಟು ಜೋರಾಗಿ ಓಡಬಲ್ಲದು ಅಂತ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಸಮುದ್ರದ ದಡದಲ್ಲಿ ಅದನ್ನು ನೋಡಿದ ಮೇಲೆ ಬರೆಯದೆ ಇರಲು ಆಗಲಿಲ್ಲ. ಪ್ರವಾಸದ ಉಳಿದ ಭಾಗ ಎಲ್ಲರ ಪ್ರವಾಸದಂತೆಯೇ ಕಳೆಯಿತು. ಅದನ್ನು ಇಲ್ಲಿ ಜಾಸ್ತಿ ಹೇಳುವುದಿಲ್ಲ.

ಜೂಲಿ ನಮ್ಮ ಲ್ಯಾಬ್ರಡಾರ್. ಈಗ ವಯಸ್ಸಾಗಿದೆ. ಮೊದಮೊದಲು ಕತ್ತಲಾದರೆ ಮಾತ್ರ ಮೆಟ್ಟಿಲು ಇಳಿಯಲು ಹಿಂಜರಿಯುತ್ತಿದ್ದಳು. ಡಾಕ್ಟರ್ ಕಣ್ಣಿಗೆ ಬೆಳಕು ಬಿಟ್ಟು ನೋಡಿ, ಇದು ಪಿ.ಆರ್.ಎ. ಅಂದರು. ಕಣ್ಣಿನ ಹಿಂಭಾಗದ ಪರದೆ ನಿಧಾನವಾಗಿ ಸವೆದುಹೋಗುವ ಕಾಯಿಲೆ. ತಂದೆ ತಾಯಿಯಿಂದ ಬರುತ್ತದೆ, ಲ್ಯಾಬ್ರಡಾರ್‌ಗಳಲ್ಲಿ ಇದೆ. ಮಂದ ಬೆಳಕಿನಲ್ಲಿ ನೋಡಲು ಬೇಕಾದ ಕೋಶಗಳು ಮೊದಲು ಸಾಯುತ್ತವೆ, ಹಗಲಿನ ದೃಷ್ಟಿ ಆಮೇಲೆ ಹೋಗುತ್ತದೆ. ನೋವಿಲ್ಲ. ವಾಸಿ ಮಾಡುವ ಔಷಧಿಯೂ ಇಲ್ಲ. ಕೊನೆಗೆ ಪೂರ್ತಿ ಕತ್ತಲಾಯಿತು. ಅಂದಿನಿಂದ ಅವಳು ಗೋಡೆ ಸವರಿಕೊಂಡು ನಡೆಯುತ್ತಾಳೆ, ತಲೆ ತಗ್ಗಿಸಿ, ಒಂದೊಂದೇ ಹೆಜ್ಜೆ.

ಮಕ್ಕಳಿಗೆ ರಜೆ ಬಂತು. ಸಮುದ್ರದ ಪಕ್ಕದಲ್ಲೇ ಒಂದು ಮನೆ ಬಾಡಿಗೆಗೆ ಹಿಡಿದು, ಎಲ್ಲರೂ ಒಟ್ಟಿಗೆ ಇರೋಣ ಅಂತ ನನ್ನ ಗಂಡನ ಆಸೆ. ಜೂಲಿಯನ್ನು ಎಲ್ಲಾದರೂ ಬಿಟ್ಟುಹೋಗುವ ಮಾತು ಬಂದಾಗ ನಾನು ಒಪ್ಪಲಿಲ್ಲ. ಕಣ್ಣು ಕಾಣದ ನಾಯಿ ಗುರುತಿಲ್ಲದ ಜಾಗದಲ್ಲಿ, ಗುರುತಿಲ್ಲದವರ ಜೊತೆ ಹೇಗಿರುತ್ತೆ? ಅತ್ತೆ ಮಾತ್ರ, "ಅದಕ್ಕೆ ಸಮುದ್ರ ಏನು ಕಾಣುತ್ತೆ ಹೇಳು, ಸುಮ್ನೆ ಕಾರಲ್ಲಿ ಕೂತು ಸುಸ್ತಾಗುತ್ತೆ" ಅಂದರು. ಆದರೂ ಕರೆದುಕೊಂಡು ಹೋದೆವು.

ನಾಯಿಯನ್ನು ಬಿಟ್ಟುಕೊಳ್ಳುವ ಮನೆ ಹುಡುಕುವುದು ಬೇರೆಯೇ ಕೆಲಸ. ಕೆಲವರು ಸಣ್ಣ ನಾಯಿ ಮಾತ್ರ ಅನ್ನುತ್ತಾರೆ. ಕೆಲವರು ನಾಯಿಗೆ ಬೇರೆ ಬಾಡಿಗೆ ಕೇಳುತ್ತಾರೆ, ಕೆಲವರು ಠೇವಣಿ. ಇವೆರಡೂ ಒಂದೇ ಅಲ್ಲ. ಠೇವಣಿ ವಾಪಸ್ ಬರುತ್ತದೆ, ಬಾಡಿಗೆ ಬರುವುದಿಲ್ಲ. ಯಾವುದು ಅಂತ ಬರೆದುಕೊಡಲು ಕೇಳಿ. ರೇಬಿಸ್ ಲಸಿಕೆಯ ಕಾಗದವನ್ನೂ ಕೇಳುತ್ತಾರೆ, ಕೈಯಲ್ಲಿರಲಿ. ನಾವು ಹಿಡಿದ ಮನೆಯ ಜಾಹೀರಾತಿನಲ್ಲಿ "ನಾಯಿಗಳಿಗೆ ಸ್ವಾಗತ, ಬಾಗಿಲು ತೆರೆದರೆ ಬೀಚ್" ಅಂತ ದೊಡ್ಡದಾಗಿ ಹಾಕಿದ್ದರು. ಎರಡೂ ನಿಜವೇ. ಬಾಗಿಲು ತೆರೆದರೆ ಬೀಚ್ ಇತ್ತು. ಬೀಚಿನ ಬಾಯಲ್ಲಿ ಒಂದು ಬೋರ್ಡೂ ಇತ್ತು: ಬೆಳಗ್ಗೆ 9ರಿಂದ ಸಂಜೆ 6ರವರೆಗೆ ನಾಯಿಗಳಿಗೆ ಪ್ರವೇಶವಿಲ್ಲ. ಕತ್ತಲಾದ ಮೇಲೆಯೂ ಇಲ್ಲ. ಉಳಿದ ಹೊತ್ತಿನಲ್ಲಿ ಹಗ್ಗ ಹಾಕಿ ಹಿಡಿದುಕೊಂಡಿರಬೇಕು.

ಮನೆ ಬಾಡಿಗೆಗೆ ಕೊಟ್ಟವರಿಗೆ ಫೋನ್ ಮಾಡಿದೆವು. "ಮನೆಗೆ ನಾಯಿ ಬರಬಹುದು ಅಂತ ಹಾಕಿದ್ದೇವೆ, ಬೀಚ್ ನಮ್ಮದಲ್ಲವಲ್ಲ" ಅಂದರು. ಈಗಲೂ ನೆನೆದರೆ ಸಿಟ್ಟು ಬರುತ್ತದೆ. ಸಮುದ್ರದ ಫೋಟೊ, ಅದರ ಮುಂದೆ ನಾಯಿಯ ಫೋಟೊ ಹಾಕಿ ಮನೆ ಬಾಡಿಗೆಗೆ ಕೊಡುವವರು ಈ ಒಂದು ಸಾಲು ಸೇರಿಸಿದರೆ ಏನು ಕಷ್ಟ? ನೀವು ಹೋಗುವುದಾದರೆ ಮನೆಯ ನಿಯಮ ಬೇರೆ, ಬೀಚಿನ ನಿಯಮ ಬೇರೆ ಕೇಳಿ. ಬೀಚಿನ ನಿಯಮ ಬರೀ ಗಂಟೆಯದ್ದಲ್ಲ, ತಿಂಗಳಿನದ್ದೂ ಇರುತ್ತದೆ. ಹಕ್ಕಿಗಳು ಮರಳಿನ ಮೇಲೆ ಗೂಡು ಮಾಡುವ ಕಾಲ, ಆಮೆ ಮೊಟ್ಟೆ ಇಡುವ ಕಾಲ, ಜನ ಕಿಕ್ಕಿರಿಯುವ ಕಾಲ ಅಂತ ಬದಲಾಗುತ್ತಿರುತ್ತದೆ.

ಆ ನಿಯಮದ ಮೇಲೆ ನನಗೆ ಕೋಪವಿಲ್ಲ. ಆಮೆಗೂಡನ್ನು ನಾಯಿ ಅಗೆದುಹಾಕುತ್ತದೆ, ಅದು ಎಲ್ಲರಿಗೂ ಗೊತ್ತು. ಕೋಪ ಇರುವುದು ಮೊದಲೇ ಹೇಳದವರ ಮೇಲೆ.

ಇನ್ನೊಂದು ಕಷ್ಟ ಮೆಟ್ಟಿಲು. ಮನೆಯಿಂದ ಮರಳಿಗೆ ಇಳಿಯಲು ಮರದ ಮೆಟ್ಟಿಲುಗಳು, ಎರಡು ಹಲಗೆಗಳ ನಡುವೆ ಖಾಲಿ ಜಾಗ. ಮನುಷ್ಯರಿಗೆ ಏನೂ ಅನ್ನಿಸುವುದಿಲ್ಲ. ಜೂಲಿ ಮೊದಲ ಹಲಗೆಯ ಮೇಲೆ ಕಾಲಿಟ್ಟು, ಕೆಳಗಿನಿಂದ ಗಾಳಿ ಬಂದ ಕೂಡಲೇ ನಿಂತುಬಿಟ್ಟಳು. ಎಷ್ಟು ಕರೆದರೂ ಇಲ್ಲ. ನನ್ನ ಗಂಡ ಅವಳನ್ನು ಎತ್ತಿಕೊಂಡೇ ಇಳಿಯಬೇಕಾಯಿತು. ಲ್ಯಾಬ್ರಡಾರ್ ಅಂದರೆ 30 ಕಿಲೋ ಆಸುಪಾಸು.

ಮನೆಯೊಳಗೆ ಅವಳು ಬೇಗ ಹೊಂದಿಕೊಂಡಳು. ಅದಕ್ಕೆ ನಾವು ಮಾಡಿದ್ದು ಇಷ್ಟೇ. ಬಂದ ಕೂಡಲೇ ಹಗ್ಗ ಹಿಡಿದು ಒಂದೊಂದೇ ಕೋಣೆ ಗೋಡೆಯ ಪಕ್ಕದಲ್ಲಿ ಸುತ್ತಿಸಿದೆವು. ಬಾಗಿಲಿನ ಹತ್ತಿರ ಮನೆಯಿಂದ ತಂದ ಅವಳ ಹಳೇ ಚಾಪೆ ಹಾಸಿದೆವು, ಕಾಲಿಗೆ ಸಿಕ್ಕಿದರೆ ಇಲ್ಲಿ ಬಾಗಿಲು ಅಂತ ತಿಳಿಯಲಿ ಅಂತ. ನೀರಿನ ಬಟ್ಟಲು ಒಂದೇ ಜಾಗದಲ್ಲಿ. ಕುರ್ಚಿ ಎಳೆದವರು ವಾಪಸ್ ಅದೇ ಜಾಗಕ್ಕೆ ತಳ್ಳಬೇಕು. ಮಕ್ಕಳು ಇದನ್ನು ನಮಗಿಂತ ಚೆನ್ನಾಗಿ ಪಾಲಿಸಿದರು.

ಈಗ ಆ ಬೆಳಗಿನ ಮಾತು.

ಆರು ಗಂಟೆ ದಾಟಿತ್ತು. ಸಮುದ್ರ ಪೂರ್ತಿ ಇಳಿದಿತ್ತು. ಹಿಂದಿನ ಸಂಜೆ ನಾವು ಬಂದು ಸೇರುವ ಹೊತ್ತಿಗೆ ಕತ್ತಲಾಗಿತ್ತು, ಸದ್ದು ಮಾತ್ರ ಕೇಳಿಸಿತ್ತು. ಬೆಳಗ್ಗೆ ನೋಡಿದರೆ ನೀರು ಎಲ್ಲೋ ದೂರ ಹೋಗಿದೆ, ನಡುವೆ ಒದ್ದೆ ಮರಳಿನ ಬಯಲು. ಒಣ ಮರಳಿನಲ್ಲಿ ಕಾಲು ಹೂತುಹೋಗುತ್ತದೆ, ವಯಸ್ಸಾದ ನಾಯಿಯ ಸೊಂಟಕ್ಕೆ ಅದು ಕಷ್ಟ. ಈ ಒದ್ದೆ ಮರಳು ಗಟ್ಟಿಯಾಗಿತ್ತು. ಕಲ್ಲಿಲ್ಲ, ಗಿಡವಿಲ್ಲ, ಗೋಡೆಯಿಲ್ಲ. ಆ ಹೊತ್ತಿಗೆ ಜನವೂ ಇರಲಿಲ್ಲ.

ಜೂಲಿಗೆ ಹಾರ್ನೆಸ್, ಅಂದರೆ ಎದೆಗೆ ಸುತ್ತಿ ಕಟ್ಟುವ ಪಟ್ಟಿ ಹಾಕಿದ್ದೆವು. ಕಣ್ಣಿನ ತೊಂದರೆ ಇರುವ ನಾಯಿಗೆ ಕುತ್ತಿಗೆಯ ಬೆಲ್ಟಿಗೆ ಹಗ್ಗ ಕಟ್ಟಬಾರದು, ಎಳೆದಾಗ ಕಣ್ಣಿನೊಳಗಿನ ಒತ್ತಡ ಏರುತ್ತದೆ. ಹಾರ್ನೆಸ್ಸಿಗೆ 10 ಮೀಟರ್ ಉದ್ದದ ಹಗ್ಗ. ಅದರ ಕೊನೆ ನನ್ನ ಮಗನ ಕೈಯಲ್ಲಿ.

ಅವಳು ಮೊದಲು ನಿಂತಲ್ಲೇ ನಿಂತಳು. ಮೂಗು ಎತ್ತಿ ಗಾಳಿ ಎಳೆದುಕೊಂಡಳು. ಎರಡು ಹೆಜ್ಜೆ ಇಟ್ಟಳು. ತಾಗಲು ಏನೂ ಸಿಗಲಿಲ್ಲ. ಇನ್ನೂ ನಾಲ್ಕು ಹೆಜ್ಜೆ. ಏನೂ ಇಲ್ಲ. ತಗ್ಗಿಸಿದ್ದ ತಲೆ ನಿಧಾನವಾಗಿ ಮೇಲೆ ಬಂತು. ಆಮೇಲೆ ಬಾಲ. ನಡಿಗೆ ಚುರುಕಾಯಿತು, ಚುರುಕಾದದ್ದು ಓಟವಾಯಿತು. ಹಿಂಗಾಲು ಮರಳನ್ನು ಚಿಮ್ಮುವ ಹಾಗೆ, ಕಿವಿ ಹಿಂದಕ್ಕೆ ಹಾರುವ ಹಾಗೆ ಓಡಿದಳು. ಮರಿಯಾಗಿದ್ದಾಗ ಹೀಗೆ ಓಡುತ್ತಿದ್ದಳು. ಮಗ "ಅಮ್ಮಾ, ಜೂಲಿ ಓಡ್ತಿದಾಳೆ, ಓಡ್ತಿದಾಳೆ" ಅಂತ ಕಿರುಚುತ್ತಾ ಹಿಂದೆ ಓಡಿದ. ನನ್ನ ಗಂಡ ಫೋಟೊ ತೆಗೆಯಲು ಫೋನ್ ಎತ್ತಿದವರು ಹಾಗೇ ಇಳಿಸಿದರು. ಕಣ್ಣು ಒರೆಸಿಕೊಳ್ಳುವುದನ್ನು ನೋಡಿದೆ. ನನ್ನದೂ ಅದೇ ಪಾಡು.

ಅವಳು ನೇರವಾಗಿ ಓಡಿದಳು. ಸೊಟ್ಟಪಟ್ಟ ಇಲ್ಲ, ನೀರಿನ ಕಡೆ ವಾಲಲಿಲ್ಲ. ಮಗ ಸುಸ್ತಾಗಿ ನಿಂತಾಗ ಅವಳೂ ನಿಂತಳು, ತಿರುಗಿದಳು, ಅಷ್ಟೇ ನೇರವಾಗಿ ವಾಪಸ್ ಬಂದಳು. ಅದು ಹೇಗೆ ಅಂತ ಆಗ ನನಗೆ ಹೊಳೆಯಲಿಲ್ಲ.

ಹೊಳೆದದ್ದು ಅತ್ತೆಗೆ. ಅವರು ವರಾಂಡದಲ್ಲಿ ಕೂತು ಎಲ್ಲಾ ನೋಡಿದ್ದರು. ಆ ರಾತ್ರಿ ಮಕ್ಕಳು ಮಲಗಿದ ಮೇಲೆ ನಾನೂ ಅವರ ಪಕ್ಕ ಕೂತೆ. ಸಮುದ್ರದ ಕಡೆಯ ದೀಪಗಳನ್ನೆಲ್ಲ ಆರಿಸಿದ್ದೆವು. ಮನೆ ನೋಡಿಕೊಳ್ಳುವ ಹೆಂಗಸು ಮೊದಲೇ ಹೇಳಿದ್ದರು. ಮರಳಿನಿಂದ ಹೊರಬಂದ ಆಮೆಮರಿ ಬೆಳಕು ಜಾಸ್ತಿ ಇರುವ ಕಡೆಗೆ ಹೋಗುತ್ತದಂತೆ. ರಾತ್ರಿ ಬಯಲು ಆಕಾಶದ ಬೆಳಕಿರುವ ಸಮುದ್ರದ ಕಡೆಗೆ ಹೋಗಬೇಕಾದದ್ದು, ಮನೆಯ ದೀಪ ಉರಿಯುತ್ತಿದ್ದರೆ ಅತ್ತ ಬಂದು ಸಾಯುತ್ತದೆ. ಕತ್ತಲಲ್ಲಿ ನಾನು ಕುರ್ಚಿಗೆ ಎಡವಿದೆ. ಜೂಲಿ ಮಾತ್ರ ಒಳಗಿನಿಂದ ಸಲೀಸಾಗಿ ನಡೆದು ಬಂದು ಅತ್ತೆಯ ಕಾಲ ಬಳಿ ಮಲಗಿದಳು.

"ಅವಳು ಹೇಗೆ ನೇರವಾಗಿ ಓಡಿದಳು ಗೊತ್ತಾಯ್ತಾ ನಿಂಗೆ?" ಅಂದರು.

"ಇಲ್ಲ ಅತ್ತೆ."

"ಸದ್ದು ಕೇಳು. ಒಂದೇ ಕಡೆಯಿಂದ ಬರುತ್ತೆ ಅಲ್ವಾ? ಹೋಗ್ತಾ ಬಲಗಿವಿಗೆ, ಬರ್ತಾ ಎಡಗಿವಿಗೆ. ಅದನ್ನ ಹಿಡ್ಕೊಂಡೇ ಓಡಿದ್ದು. ಅವಳಿಗೆ ಅದೇ ಗೋಡೆ."

ನಾನು ಸುಮ್ಮನೆ ಕೂತು ಸದ್ದು ಕೇಳಿದೆ. ನಿಜ. ಸಮುದ್ರ ಎಲ್ಲಿಗೂ ಹೋಗುವುದಿಲ್ಲ, ಸದ್ದು ನಿಲ್ಲಿಸುವುದೂ ಇಲ್ಲ. ನಮ್ಮ ಕಿವಿ 20,000 ಹರ್ಟ್ಜ್ ತನಕ ಕೇಳಿದರೆ ನಾಯಿಯ ಕಿವಿ 45,000ದ ಹತ್ತಿರ ಹೋಗುತ್ತದೆ. ನಮಗೆ ಒಂದೇ ಮೊರೆತವಾಗಿ ಕೇಳುವ ಅಲೆಯಲ್ಲಿ ಅವಳಿಗೆ ಇನ್ನೂ ಏನೇನು ಕೇಳಿಸಿರಬೇಕು.

"ಮನೇಲಿ ಯಾಕೆ ಹಾಗೆ ನಡೆಯಲ್ಲ ಅವಳು?" ಅತ್ತೆ ಮತ್ತೆ ಕೇಳಿದರು.

"ಸಾಮಾನು ತಾಗುತ್ತಲ್ಲ ಅತ್ತೆ."

"ಸಾಮಾನು ಎಲ್ಲಾ ಹಳೇದೇ. ಎಲ್ಲೆಲ್ಲಿದೆ ಅಂತ ಅವಳಿಗೆ ಗೊತ್ತು. ಎದ್ದ ಕೂಡಲೇ ನೀವೆಲ್ಲ ಹುಷಾರು ಹುಷಾರು ಅಂತೀರಿ. ಆ ದನಿಗೇ ಅವಳು ಹೆದರೋದು." ಸ್ವಲ್ಪ ಹೊತ್ತು ಬಿಟ್ಟು, "ನಂಗೂ ಹಾಗೇ ಅಂತೀರಿ" ಅಂದರು.

ಅತ್ತೆಗೆ ಮಂಡಿ ಆಪರೇಷನ್ ಆಗಿದೆ. ಕೋಲು ಹಿಡಿದು ನಡೆಯುತ್ತಾರೆ. ಬೆಳಗ್ಗೆ ನಾವೆಲ್ಲ ಇಳಿದು ಹೋದಾಗ ಅವರು ವರಾಂಡದಲ್ಲಿ ಉಳಿದದ್ದು ಯಾರೂ ಬೇಡ ಅಂದದ್ದಕ್ಕಲ್ಲ. ಯಾರೂ ಬನ್ನಿ ಅಂತಲೂ ಅಂದಿರಲಿಲ್ಲ.

"ನಾಳೆ ಬರ್ತೀರಾ ಅತ್ತೆ?"

"ಕರೆದರೆ ತಾನೇ ಬರೋದು. ಎಷ್ಟು ಗಂಟೆಗೆ?"

"ಏಳಕ್ಕೆ ಸ್ವಲ್ಪ ಮುಂಚೆ. ನೀರು ಇವತ್ತಿಗಿಂತ ತಡವಾಗಿ ಇಳಿಯುತ್ತೆ."

ಈ ಲೆಕ್ಕ ತಿಳಿದಿರಬೇಕು. ಒಂದು ಇಳಿತದಿಂದ ಮುಂದಿನ ಇಳಿತಕ್ಕೆ ಹೆಚ್ಚಿನ ಕಡಲತೀರಗಳಲ್ಲಿ ಸುಮಾರು 12 ಗಂಟೆ 25 ನಿಮಿಷ. ಹಾಗಾಗಿ ದಿನಕ್ಕೆ 50 ನಿಮಿಷದಷ್ಟು ಹಿಂದೆ ಬೀಳುತ್ತಾ ಹೋಗುತ್ತದೆ. ಬೆಳಗ್ಗೆ ಒಂಬತ್ತಕ್ಕೆ ಬೀಚ್ ಮುಚ್ಚಿದರೆ, ಇಳಿತ ದಿನದಿನಕ್ಕೆ ಆ ಒಂಬತ್ತರ ಹತ್ತಿರ ಸರಿಯುತ್ತದೆ. ಸಂಜೆಯ ಇಳಿತ ಕತ್ತಲೊಳಗೆ ಸರಿಯುತ್ತದೆ. ಅಂದರೆ ಜೂಲಿಗೆ ಆ ಬಯಲು ಸಿಗುವುದು ಕೆಲವೇ ಬೆಳಗು. ಬೋರ್ಡಿನ ವಿಷಯ ಮೊದಲೇ ಗೊತ್ತಿದ್ದರೆ ತಾರೀಕನ್ನು ಅದಕ್ಕೆ ತಕ್ಕಂತೆ ಹಿಡಿಯುತ್ತಿದ್ದೆವು. ಸಿಟ್ಟು ಹೆಚ್ಚಾಗಲು ಇದೂ ಕಾರಣ.

ಮರುದಿನ ಅತ್ತೆ ಬಂದರು. ಕಟಾಂಜನ ಹಿಡಿದು ಒಂದೊಂದೇ ಮೆಟ್ಟಿಲು ಇಳಿದರು. ಹುಷಾರು ಅನ್ನುವ ಮಾತು ನನ್ನ ಬಾಯಿತನಕ ಬಂತು, ಆಡಲಿಲ್ಲ. ಒಣ ಮರಳಿನಲ್ಲಿ ನನ್ನ ಗಂಡನ ತೋಳು ಹಿಡಿದರು, ಗಟ್ಟಿ ಮರಳು ಸಿಕ್ಕಿದ ಮೇಲೆ ಬಿಟ್ಟರು. ಅಲ್ಲಿ ಕೋಲು ಹೂಳಲಿಲ್ಲ. ಮಗನ ಕೈಯಿಂದ ಹಗ್ಗ ತೆಗೆದುಕೊಂಡರು. ನನಗೆ ಭಯವಾಯಿತು, ಜೂಲಿ ಎಳೆದರೆ ಏನು ಗತಿ ಅಂತ. ಅವಳು ಎಳೆಯಲಿಲ್ಲ. ಹಗ್ಗ ಯಾರ ಕೈಯಲ್ಲಿದೆ ಅಂತ ನಾಯಿಗೆ ತಿಳಿಯುತ್ತದೆ. ಇಬ್ಬರೂ ನೀರಿನ ಅಂಚಿನಲ್ಲಿ ತುಂಬಾ ದೂರ ನಡೆದರು. ವಾಪಸ್ ಬಂದಾಗ ಅತ್ತೆಯ ಸೀರೆಯ ಅಂಚೆಲ್ಲ ಒದ್ದೆ, ಜೂಲಿಯ ಹೊಟ್ಟೆಯತನಕ ಕೆಸರು ಮರಳು.

ನೀರಿನ ವಿಷಯದಲ್ಲಿ ಮಾತ್ರ ಸಡಿಲ ಬಿಡಬೇಡಿ. ಕಡಲ ನೀರಿನಲ್ಲಿ ಲೀಟರಿಗೆ 35 ಗ್ರಾಂನಷ್ಟು ಉಪ್ಪು. ಓಡಿ ದಣಿದ ನಾಯಿ ಅದನ್ನೇ ನೆಕ್ಕಲು ಹೋಗುತ್ತದೆ. ಸ್ವಲ್ಪ ಕುಡಿದರೆ ವಾಂತಿ, ಭೇದಿ. ಜಾಸ್ತಿ ಕುಡಿದರೆ ರಕ್ತದಲ್ಲಿ ಸೋಡಿಯಂ ಏರಿ ಫಿಟ್ಸ್ ಬರಬಹುದು, ಜೀವಕ್ಕೇ ಅಪಾಯ. ನಾವು ಸಿಹಿನೀರಿನ ಬಾಟಲಿ, ಬಟ್ಟಲು ಎರಡನ್ನೂ ಒಯ್ದು ಆಗಾಗ ಕುಡಿಸಿದೆವು. ಬಿಸಿಲು ಏರಿದ ಮೇಲಂತೂ ಮರಳಿನ ಮೇಲೆ ನಾಯಿಯನ್ನು ನಡೆಸಲೇಬಾರದು. ಅಂಗೈ ಹಿಂಭಾಗವನ್ನು ಕೆಲವು ಸೆಕೆಂಡ್ ಮರಳಿನ ಮೇಲೆ ಇಟ್ಟು ನೋಡಿ. ನಿಮಗೆ ತಡೆಯಲಾಗದಿದ್ದರೆ ಅದರ ಪಾದಕ್ಕೂ ಆಗುವುದಿಲ್ಲ. ಮನೆಯ ಹೊರಗಡೆ ಒಂದು ನಲ್ಲಿ ಇದೆಯಾ ಅಂತಲೂ ಮೊದಲೇ ಕೇಳಿಕೊಳ್ಳಿ. ಬೆರಳ ಸಂದಿನ ಉಪ್ಪು, ಮರಳು ಅಲ್ಲೇ ತೊಳೆದರೆ ಪಾದ ಕೆರೆಯುವುದಿಲ್ಲ, ಮನೆಯೂ ಹಾಳಾಗುವುದಿಲ್ಲ. ನಮ್ಮ ಮನೆಗೆ ಆ ನಲ್ಲಿ ಇತ್ತು. ಆ ಒಂದಕ್ಕೆ ಮನೆ ಕೊಟ್ಟವರಿಗೆ ಒಳ್ಳೆಯ ಮಾತು ಹೇಳಲೇಬೇಕು.

ಊರಿಗೆ ಬಂದ ಮೇಲೆ ನಾನು ಇಳಿತದ ಪಟ್ಟಿ ನೋಡುವುದನ್ನು ಕಲಿತೆ. ಒಂದು ಜಾಗದಲ್ಲಿ ಇಳಿತದ ಹೊತ್ತು ಹೆಚ್ಚುಕಡಿಮೆ ಹದಿನೈದು ದಿನಕ್ಕೊಮ್ಮೆ ಮತ್ತೆ ಅದೇ ಗಂಟೆಗೆ ಬರುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ಇನ್ನೂ ದೂರ ಇಳಿಯುತ್ತದೆ. ಹಾಗಾಗಿ ಬೆಳಕು ಹರಿಯುವ ಹೊತ್ತಿಗೆ ಇಳಿತ ಬೀಳುವ ದಿನಗಳನ್ನು ಗುರುತು ಹಾಕಿಕೊಂಡು, ಆಮೇಲೆ ಮನೆ ಹುಡುಕಿದರೆ ಸರಿ. ಮುಂದಿನ ಸಲಕ್ಕೆ ನಾನು ಹಾಗೆಯೇ ಹುಡುಕುತ್ತಿದ್ದೇನೆ. ಮೊನ್ನೆ ಒಂದು ಮನೆ ಚೆನ್ನಾಗಿ ಕಂಡಿತು. ಫೋಟೊ ಅತ್ತೆಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಚೆನ್ನಾಗಿ ನೋಡಿ ಕೇಳಿದರು:

"ಬೀಚಿಗೆ ಇಳಿಯೋ ಮೆಟ್ಟಿಲಿನ ಫೋಟೊ ಎಲ್ಲಿ? ಅದನ್ನ ತರಿಸು ಮೊದಲು."