ಶೀರ್ಷಿಕೆಯ ಕೆಳಗಿನ ಸಾಲು

ನಿಕೋಲಾ ಟೆಸ್ಲಾ ಹೆಸರು ಕಿವಿಗೆ ಬಿದ್ದರೆ ನನಗೆ ಇಂದಿಗೂ ಒಂದು ಕ್ಲೈಂಟ್ ಕಾಲ್ ನೆನಪಾಗಿ ಮುಜುಗರವಾಗುತ್ತದೆ.

ಅದು ಇನ್‌ವ್ಯಾಲಿಡಿಟಿ ಸರ್ಚ್, ಅಂದರೆ ಒಂದು ಪೇಟೆಂಟ್ ಸಿಂಧುವಲ್ಲವೆಂದು ತೋರಿಸಲು ಅದಕ್ಕೂ ಹಿಂದಿನ ದಾಖಲೆಗಳನ್ನು ಹುಡುಕುವ ಕೆಲಸ. ಎದುರು ಪಕ್ಷದ ಪೇಟೆಂಟ್ ರೆಕ್ಕೆಗಳಿಲ್ಲದ ಪಂಪಿನದು. ಒತ್ತಾಗಿ ಜೋಡಿಸಿದ ಚಪ್ಪಟೆ ತಟ್ಟೆಗಳ ನಡುಭಾಗದಿಂದ ದ್ರವ ಒಳಬಂದು, ತಿರುಗುವ ತಟ್ಟೆಗಳಿಗೆ ಅಂಟಿ ಸುತ್ತುತ್ತಾ ಸಾಗಿ, ಅಂಚಿನಿಂದ ಹೊರಬೀಳಬೇಕೆಂಬುದು ಅದರ ಮೊದಲ ಕ್ಲೇಮ್ (ಹಕ್ಕು ಕೋರುವ ವಾಕ್ಯ). ನಾನು ಪೇಟೆಂಟುಗಳ ವಿಷಯವಾರು ವಿಂಗಡಣೆಯ ಎಫ್01ಡಿ 1/36 ಕ್ಲಾಸಿನಲ್ಲಿ ಹುಡುಕಿ, ಟೆಸ್ಲಾ ಅವರಿಗೆ 1913ರ ಮೇ 6ರಂದು ಮಂಜೂರಾದ ಅಮೆರಿಕದ 1,061,206ನೆಯ ಪೇಟೆಂಟನ್ನು ಹಿಡಿದೆ. ಚಿತ್ರದಲ್ಲಿ ಅದೇ ತಟ್ಟೆಗಳು, ಅದೇ ಅಕ್ಷ. ಬೇಟೆ ಸಿಕ್ಕಿತೆಂಬ ಸಂಭ್ರಮದಲ್ಲಿ ಅದನ್ನೇ ಪ್ರೈಮರಿ ರೆಫರೆನ್ಸ್ (ಮುಖ್ಯ ಆಧಾರ) ಮಾಡಿ, ಕ್ಲೇಮಿನ ಒಂದೊಂದು ಎಲಿಮೆಂಟೂ (ಅಂಶವೂ) ಅದರಲ್ಲಿ ಎಲ್ಲಿದೆಯೆಂದು ತೋರಿಸುವ ಕ್ಲೇಮ್ ಚಾರ್ಟ್ ಕಳಿಸಿದೆ. ಅವಸರದ ಪ್ರಾಜೆಕ್ಟ್ ಆದ್ದರಿಂದ ಗುಣಮಟ್ಟ ಪರೀಕ್ಷಿಸುವ ಕ್ಯೂಸಿಯವರು ಫಾರ್ಮ್ಯಾಟ್ ಮಾತ್ರ ನೋಡಿ ಬಿಟ್ಟರು.

ಕಾಲ್ ಶುರುವಾದ ಹತ್ತೇ ನಿಮಿಷಕ್ಕೆ ಅಟಾರ್ನಿ, "ಇಲ್ಲಿ ಹರಿವು ಯಾವ ಕಡೆಗೆ?" ಎಂದು ಕೇಳಿದರು. ನಾನು ಹಿಡಿದಿದ್ದ ಟೆಸ್ಲಾ ಪೇಟೆಂಟ್ ಟರ್ಬೈನಿನದು: ಹಬೆ ಅಂಚಿನಿಂದ ಒಳನುಗ್ಗಿ, ಸುರುಳಿಯಾಗಿ ನಡುವಿಗೆ ಬಂದು ಹೊರಹೋಗುತ್ತದೆ. ಅಂದರೆ ನಮಗೆ ಬೇಕಾದುದಕ್ಕೆ ನೇರ ವಿರುದ್ಧ. "ಉಲ್ಟಾ ತಿರುಗಿಸಿದರೆ ಪಂಪೇ ಅಲ್ಲವೇ ಸರ್" ಎಂದುಬಿಟ್ಟೆ. "ಹಾಗೆ ತೋರಿಸುವ ಚಿತ್ರ ಯಾವುದು?" ಎಂದರು. ಸ್ಕ್ರೀನ್ ಶೇರ್ ಆಗಿಯೇ ಇತ್ತು. ನಾನು ಪುಟಗಳನ್ನು ಮೇಲೆ ಕೆಳಗೆ ಎಳೆಯುತ್ತಿದ್ದುದನ್ನು ಏಳು ಜನ ಮೌನವಾಗಿ ನೋಡಿದರು. ಆಗ ಚಾಟ್‌ನಲ್ಲಿ ನಮ್ಮ ಲೀಡ್ ಮೇಡಂ ಅವರ ಸಂದೇಶ ಬಂತು: "ಮೊದಲ ಪುಟದ ತಲೆಬರಹ ಓದಿ."

ಶೀರ್ಷಿಕೆಯ ಕೆಳಗೇ ಸಣ್ಣ ಅಕ್ಷರಗಳಲ್ಲಿತ್ತು: ಮೂಲ ಅರ್ಜಿ 1909ರ ಅಕ್ಟೋಬರ್ 21ರದು, ಕ್ರಮಸಂಖ್ಯೆ 523,832, ಅದರಿಂದ ವಿಭಜಿಸಿದ ಈ ಅರ್ಜಿ 1911ರ ಜನವರಿ 17ರದು. ತಾರೀಕು ತುಂಬಿಸಿಕೊಳ್ಳಲು ಆ ಸಾಲನ್ನು ನಾನೇ ನೋಡಿದ್ದೆ. ಹಾಗಾದರೆ ಮೂಲ ಅರ್ಜಿ ಏನಾಯಿತೆಂದು ಕೇಳಿಕೊಂಡಿರಲಿಲ್ಲ.

ಅದು ಅದೇ ಮೇ 6ರಂದೇ 1,061,142 ಆಗಿ ಮಂಜೂರಾಗಿತ್ತು. ನಮಗೆ ಬೇಕಿದ್ದ ಪಂಪು ಇದ್ದದ್ದು ಅದರಲ್ಲೇ. ಶೀರ್ಷಿಕೆ 'ಫ್ಲೂಯಿಡ್ ಪ್ರೊಪಲ್ಷನ್', ಆದ್ದರಿಂದ 'ಪಂಪ್' ಎಂಬ ಪದದಿಂದ ಶೀರ್ಷಿಕೆಗಳನ್ನು ಸೋಸಿದ ನನ್ನ ಬಲೆಗೆ ಬಿದ್ದಿರಲಿಲ್ಲ. ಆ ಕಾಲದ ಪೇಟೆಂಟುಗಳ ಪಠ್ಯ ಸ್ಕ್ಯಾನ್ ಮಾಡಿದ ಪುಟಗಳಿಂದ ತೆಗೆದದ್ದಾದ್ದರಿಂದ ಅಕ್ಷರಗಳು ಎಲ್ಲೆಂದರಲ್ಲಿ ಕೆಟ್ಟಿರುತ್ತವೆ. ಅಮೆರಿಕದ ಪೇಟೆಂಟುಗಳಲ್ಲಿ ಸೈಟೇಶನ್ (ಉಲ್ಲೇಖಿಸಿದ ಹಳೆಯ ಪೇಟೆಂಟುಗಳ ಪಟ್ಟಿ) ಮುದ್ರಿಸತೊಡಗಿದ್ದೇ 1947ರಲ್ಲಿ, ಹಾಗಾಗಿ ಅದಕ್ಕೂ ಹಿಂದಿನ ಪೇಟೆಂಟುಗಳಲ್ಲಿ ಆ ಪಟ್ಟಿ ಹಿಡಿದು ಹಿಂದಕ್ಕೆ ನಡೆದುಹೋಗುವ ದಾರಿಯೂ ಇಲ್ಲ. ಇಷ್ಟು ಗೊತ್ತಿದ್ದೂ ಪಂಪುಗಳ ಕ್ಲಾಸಾದ ಎಫ್04ಡಿ 17/161ಕ್ಕೆ ನಾನು ಕಾಲಿಟ್ಟಿರಲಿಲ್ಲ ಎಂಬುದಕ್ಕೆ ಯಾವ ಟೂಲನ್ನೂ ದೂರುವಂತಿಲ್ಲ.

ಅಂದು ರಾತ್ರಿ ಚಾರ್ಟನ್ನು ಹೊಸದಾಗಿ ಮಾಡಿದೆ. ತಟ್ಟೆಗಳಿಗೆ 1, ಅಕ್ಷಕ್ಕೆ 2, ತಟ್ಟೆಯ ನಡುಭಾಗದ ತೆರಪುಗಳಿಗೆ 6, ಅವುಗಳ ನಡುವಿನ ಕಡ್ಡಿಗಳಿಗೆ 7 ಎಂದು ಟೆಸ್ಲಾ ಅವರೇ ಸಂಖ್ಯೆ ಹಾಕಿಟ್ಟಿದ್ದರು. ಅರ್ಧ ಗಂಟೆಯಲ್ಲಿ ಕ್ಲೇಮಿನ ಎಲಿಮೆಂಟುಗಳೆಲ್ಲ ಕೂತವು. ಮ್ಯಾನೇಜ್‌ಮೆಂಟ್ ಕ್ಯೂಸಿ ಶೀಟಿಗೆ 'ಮೂಲ ಅರ್ಜಿ' ಎಂಬ ಹೊಸ ಕಾಲಂ ಸೇರಿಸಿತು, ಸರ್ಚಿಗೆ ಕೊಡುವ ಗಂಟೆಗಳನ್ನು ಮಾತ್ರ ಹೆಚ್ಚಿಸಲಿಲ್ಲ. ಈಗ ಹೆಚ್ಚಿನವರು ಆ ಕಾಲಂನಲ್ಲಿ ಒಂದು ಅಡ್ಡಗೆರೆ ಹಾಕಿ ಮುಂದೆ ಹೋಗುತ್ತಾರೆ.