ಹಳೆಯ ಬ್ಯಾಲಿ ಪಿನ್‌ಬಾಲ್: ಬೋರ್ಡಿನ ಮೇಲಿನ ಬ್ಯಾಟರಿ ತೆಗೆಯುವ ಬಗೆ
1977ರಿಂದ 1985ರ ನಡುವಿನ ಬ್ಯಾಲಿ ಪಿನ್‌ಬಾಲ್ ಯಂತ್ರ ಕೈಗೆ ಬಂದರೆ, ಸ್ವಿಚ್ ಹಾಕುವ ಮುಂಚೆ ಅಂಕ ತೋರಿಸುವ ಮೇಲಿನ ಪೆಟ್ಟಿಗೆ, ಅಂದರೆ ಬ್ಯಾಕ್‌ಬಾಕ್ಸ್ ತೆರೆದು ಯಂತ್ರವನ್ನು ನಡೆಸುವ ಮುಖ್ಯ ಬೋರ್ಡಾದ ಎಂಪಿಯು ನೋಡಿ. ಬೋರ್ಡಿನ ಮಾದರಿ ಎಎಸ್-2518-17 ಇರಲಿ, ಆಮೇಲೆ ಬಂದ -35 ಇರಲಿ, 3.6 ವೋಲ್ಟಿನ ನಿಕಲ್-ಕ್ಯಾಡ್ಮಿಯಂ ಬ್ಯಾಟರಿಯನ್ನು ಬೋರ್ಡಿಗೇ ಬೆಸೆದಿರುತ್ತಾರೆ. ಮೂಲ ಬ್ಯಾಟರಿ ಇನ್ನೂ ಅಲ್ಲೇ ಇದ್ದರೆ ಸೋರಿದೆ ಎಂದೇ ತಿಳಿದು ಕೆಲಸ ಶುರುಮಾಡಿ.

ಬ್ಯಾಟರಿ ಕಾಯುವುದು ಬೋರ್ಡಿನ ಯು8 ಜಾಗದ ನೆನಪಿನ ಚಿಪ್ ಆದ 5101 ರ‍್ಯಾಮ್‌ನಲ್ಲಿರುವ ಹೈಸ್ಕೋರ್, ಕ್ರೆಡಿಟ್, ಉಚಿತ ಆಟ (ರಿಪ್ಲೇ) ಸಿಗುವ ಅಂಕದ ಮಟ್ಟ, ನಾಣ್ಯದ ಲೆಕ್ಕ, ಇಷ್ಟನ್ನೇ. ಆಟಕ್ಕೆ ಎಷ್ಟು ಚೆಂಡು ಎಂಬಂಥ ಸೆಟ್ಟಿಂಗ್‌ಗಳು ಬೋರ್ಡಿನ ಮೇಲಿನ 32 ಪುಟ್ಟ ಡಿಪ್ ಸ್ವಿಚ್‌ಗಳಲ್ಲಿವೆ. ಬ್ಯಾಟರಿ ಇಲ್ಲದೆಯೂ ಯಂತ್ರ ಆಡುತ್ತದೆ; ಹೆಚ್ಚೆಂದರೆ ಕ್ರೆಡಿಟ್, ಹೈಸ್ಕೋರ್ ಜಾಗದಲ್ಲಿ ಅರ್ಥವಿಲ್ಲದ ಅಂಕಿ ಕಾಣಬಹುದು. ಹಾಗಾಗಿ ಬದಲಿ ಭಾಗ ಸಿಗಲಿ ಎಂದು ಕಾಯಬೇಡಿ, ಇವತ್ತೇ ಕತ್ತರಿಸಿ ತೆಗೆಯಿರಿ.

ಪ್ಲಗ್ ಕಿತ್ತು, ಕನೆಕ್ಟರ್‌ಗಳ ಫೋಟೋ ತೆಗೆದುಕೊಂಡು, ಬೋರ್ಡನ್ನು ಹೊರತೆಗೆಯಿರಿ. ಕಟ್ಟರ್‌ನಿಂದ ಬ್ಯಾಟರಿಯ ಕಾಲು ಕತ್ತರಿಸಿ, ಉಳಿದ ತುಂಡುಗಳನ್ನು ಸಾಲ್ಡರ್ ಕರಗಿಸಿ ಎಳೆಯಿರಿ. ಬಲವಂತವಾಗಿ ಕಿತ್ತರೆ ಕಿಲುಬು ಹಿಡಿದ ತಾಮ್ರದ ಗೆರೆಯೇ ಎದ್ದುಬರುತ್ತದೆ.

ಸೋರಿದ್ದು ಪೊಟ್ಯಾಸಿಯಂ ಹೈಡ್ರಾಕ್ಸೈಡ್, ಅಂದರೆ ಕ್ಷಾರ. ಕಾರ್ ಬ್ಯಾಟರಿಯ ನೆನಪಿನಲ್ಲಿ ಅನೇಕರು ಅಡುಗೆ ಸೋಡಾ ಹಚ್ಚುತ್ತಾರೆ. ಅದು ಆಮ್ಲಕ್ಕೆ ಮದ್ದು, ಇಲ್ಲಿ ಕೆಲಸಕ್ಕೆ ಬಾರದು. ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ ಬ್ರಷ್‌ನಿಂದ ಉಜ್ಜಿ, ನೀರಿನಲ್ಲಿ ತೊಳೆದು, ಐಸೊಪ್ರೊಪೈಲ್ ಆಲ್ಕೋಹಾಲ್ ಹಾಯಿಸಿ, ಪೂರ್ತಿ ಒಣಗಿಸಿ. ಕಿಲುಬು ಅಡಗುವುದು ಐಸಿ ಸಾಕೆಟ್‌ಗಳ ಅಡಿಯಲ್ಲಿ. ಹಾಳಾದ ಸಾಕೆಟ್ಟನ್ನೂ ಬಿಡಿಭಾಗಗಳನ್ನೂ ಮೊದಲು ತೆಗೆದೇ ತೊಳೆಯಬೇಕು. ಕಪ್ಪಾದ ತಾಮ್ರ ಸಾಲ್ಡರ್ ಹಿಡಿಯುವುದಿಲ್ಲ, ಹೊಳೆಯುವವರೆಗೆ ನಯವಾದ ಎಮರಿ ಪೇಪರ್‌ನಿಂದ ತೀಡಿ. ಚಾಲೂ ಮಾಡಿದಾಗ ಪ್ರೊಸೆಸರನ್ನು ಸರಿಯಾಗಿ ಶುರುಮಾಡಿಸುವ ರೀಸೆಟ್ ಭಾಗ, ಬೋರ್ಡಿಗೆ ವಿದ್ಯುತ್ ತರುವ ಜೆ4 ಕನೆಕ್ಟರ್ ಇವನ್ನು ವಿಶೇಷವಾಗಿ ಪರೀಕ್ಷಿಸಿ. ಜೆ4ರಲ್ಲಿ ಬೋರ್ಡಿನ ಪಿನ್ನುಗಳನ್ನಷ್ಟೇ ಹೊಸದಾಗಿಸಿದರೆ ಸಾಲದು, ವೈರಿನ ಕಡೆಯ ಟರ್ಮಿನಲ್‌ಗಳೂ ಹೊಸದಾಗಬೇಕು; ಒಳಗೆ ಕಪ್ಪಾದ ವೈರನ್ನು ಹೊಳೆಯುವ ತಾಮ್ರ ಸಿಗುವವರೆಗೆ ಕತ್ತರಿಸಿ.

ಬದಲಿಗೆ ಏನು? ಆಗಾಗ ಆಡುವ ಯಂತ್ರಕ್ಕೆ 1 ಫ್ಯಾರಡ್, 5.5 ವೋಲ್ಟಿನ ಮೆಮೊರಿ ಕೆಪಾಸಿಟರ್ ಸಾಕು. ಪ್ಲಸ್-ಮೈನಸ್ ಸರಿಯಾಗಿ ನೋಡಿ ಹಾಕಿದರೆ ಬೋರ್ಡೇ ಚಾರ್ಜ್ ಮಾಡಿಕೊಳ್ಳುತ್ತದೆ. ತಿಂಗಳುಗಟ್ಟಲೆ ಮುಚ್ಚಿಡುವ ಯಂತ್ರಕ್ಕೆ ಅದು ಆಗದು. ಎಲ್ಲಕ್ಕಿಂತ ಒಳ್ಳೆಯದು ಯು8ರಲ್ಲಿ ಸಾಕೆಟ್ ಹಾಕಿ 5101ರ ಬದಲು 22 ಪಿನ್ನಿನ, ವಿದ್ಯುತ್ ಇಲ್ಲದೆಯೂ ನೆನಪು ಉಳಿಸಿಕೊಳ್ಳುವ ಎನ್‌ವಿರ‍್ಯಾಮ್ ಕೂರಿಸುವುದು. ಬ್ಯಾಟರಿಯ ಗೊಡವೆಯೇ ಇರುವುದಿಲ್ಲ. ಎಎ ಸೆಲ್ಲುಗಳೇ ಬೇಕೆಂದರೆ ಮೂರು ಆಲ್ಕಲೈನ್ ಸೆಲ್ಲಿನ ಹೋಲ್ಡರನ್ನು ವೈರಿನಲ್ಲಿ ಹೊರತಂದು, ಸೋರಿದರೂ ಯಾವ ಬೋರ್ಡಿನ ಮೇಲೂ ಬೀಳದಂತೆ ಕೆಳಗೆ ಇಡಿ. ಪ್ಲಸ್ ವೈರಿನಲ್ಲಿ ಒಂದೇ ದಿಕ್ಕಿಗೆ ವಿದ್ಯುತ್ ಬಿಡುವ 1ಎನ್4001 ಡಯೋಡ್ ಕಡ್ಡಾಯ, ಪಟ್ಟಿ ಇರುವ ತುದಿ ಬೋರ್ಡಿನ ಕಡೆಗೆ. ಅದಿಲ್ಲದಿದ್ದರೆ ಬೋರ್ಡು ಆಲ್ಕಲೈನ್ ಸೆಲ್ಲುಗಳನ್ನೂ ಚಾರ್ಜ್ ಮಾಡಲು ಹೊರಟು ಅವನ್ನು ಸೋರಿಸುತ್ತದೆ.

ಯಂತ್ರ ಚಾಲೂ ಮಾಡಿದಾಗ ಎಂಪಿಯು ಎಲ್‌ಇಡಿ ಒಮ್ಮೆ ಮಿನುಗಿ, ಆಮೇಲೆ 7 ಸಲ ಹೊಳೆಯಬೇಕು. ಹೊತ್ತಿಕೊಂಡೇ ನಿಂತರೆ ರೀಸೆಟ್ ಭಾಗವನ್ನು ಮತ್ತೆ ಹುಡುಕಿ. 2 ಹೊಳಪಿಗೆ ನಿಂತರೆ ತಕರಾರು ಯು8ರದ್ದು. ಎಎ ಸೆಲ್ ಹಾಕಿದ್ದರೆ, ಯಂತ್ರ ಚಾಲೂ ಇರುವಾಗಲೇ ಸೆಲ್ಲುಗಳನ್ನು ತೆಗೆದು ಹೋಲ್ಡರಿನ ಎರಡು ತುದಿಗೆ ಮಲ್ಟಿಮೀಟರ್ ಹಿಡಿಯಿರಿ. ಸೊನ್ನೆಯ ಹತ್ತಿರ ಇರಬೇಕು. 5 ವೋಲ್ಟಿನ ಆಸುಪಾಸು ತೋರಿಸಿದರೆ ಡಯೋಡ್ ತಿರುಗುಮುರುಗಾಗಿದೆ, ಇಲ್ಲವೇ ಶಾರ್ಟ್ ಆಗಿದೆ.