ಕರೆಂಟ್ ಬಂತು, ವೈಫೈ ಬಂತು, ನೆಟ್ ಮಾತ್ರ ಬರಲಿಲ್ಲ

ಕೊನೆಗೂ ಕಳ್ಳ ಸಿಕ್ಕಿಬಿದ್ದ. ರೌಟರ್‌ನ ಗಡಿಯಾರ! ಹಾಗಾಗಿ ಈ ಸಲದ ಬರಹ ಪೂರ್ತಿ ಅವನದೇ ಕಥೆ. ರಾಸ್ಪ್‌ಬೆರಿ ಪೈ 4 ಅನ್ನುವ ಪುಟ್ಟ ಕಂಪ್ಯೂಟರ್‌ಗೆ ಓಪನ್‌ಡಬ್ಲ್ಯುಆರ್‌ಟಿ ಅನ್ನುವ ರೌಟರ್ ಸಾಫ್ಟ್‌ವೇರ್ ಹಾಕಿ ಅದನ್ನೇ ರೌಟರ್ ಮಾಡಿದ್ದು, ಫೈಬರ್ ಡಬ್ಬಿಯನ್ನು ಬ್ರಿಡ್ಜ್ ಮೋಡ್‌ಗೆ ತಂದಿದ್ದು, ಮಹಡಿಗೆ ಕೇಬಲ್ ಎಳೆದಿದ್ದು ಎಲ್ಲ ಬಿಡುತ್ತೇನೆ. ಅದೆಲ್ಲ ನೀವೂ ಮಾಡಿದವರೇ.

ಲಕ್ಷಣ ಹೀಗಿತ್ತು. ವಿಜಯಪುರದ ಮೇ ತಿಂಗಳು, ಮಧ್ಯಾಹ್ನ ಕರೆಂಟ್ ಹೋಗುತ್ತದೆ. ವಾಪಸ್ ಬಂದಾಗ ವೈಫೈ ಸಲೀಸಾಗಿ ಹತ್ತುತ್ತದೆ. ಐಪಿ (ನೆಟ್‌ವರ್ಕ್ ಅಡ್ರೆಸ್) ಸಿಗುತ್ತದೆ, ಗೇಟ್‌ವೇ (ಹೊರಗೆ ಹೋಗುವ ಬಾಗಿಲು) ಸರಿ ಇದೆ, ಸಿಗ್ನಲ್ ಫುಲ್. ಆದರೆ ಕೆಳಗೆ ಆ ಹಾಳು ಸಾಲು: ಸಂಪರ್ಕಗೊಂಡಿದೆ, ಇಂಟರ್ನೆಟ್ ಇಲ್ಲ. ಫೋನ್‌ಗಳು ಸದ್ದಿಲ್ಲದೆ ಮೊಬೈಲ್ ಡೇಟಾಕ್ಕೆ ಜಾರಿಕೊಳ್ಳುತ್ತಿದ್ದವು. ಹಾಗಾಗಿ ಮೊದಲು ದೂರು ಬಂದಿದ್ದು ಸಿಮ್ ಇಲ್ಲದ ಟಿವಿ ಮುಂದೆ ಕೂತ ಅವ್ವನಿಂದ. "ವೈಫೈ ಹತ್ತೇದ ಅಂತ ತೋರಸ್ತದ, ಸೀರಿಯಲ್ ಯಾಕ ಬರವಲ್ದು?"

ಲೈನ್ ನೋಡಲು ಬಂದ ಹುಡುಗ ತನ್ನ ಫೋನ್‌ನಲ್ಲಿ ಸ್ಪೀಡ್ ಟೆಸ್ಟ್ ಓಡಿಸಿದ. ಅದೂ ಮೊಬೈಲ್ ಡೇಟಾದಲ್ಲಿ! "ನಮ್ಮ ಕಡಿಂದ ಎಲ್ಲ ಓಕೆ ಅದರೀ ಸರ್, ರೌಟರ್ ಬದಲಿ ಮಾಡ್ರಿ" ಅಂದು ಹೊರಟೇಬಿಟ್ಟ.

ಮಾಮೂಲಿ ಶಂಕಿತರನ್ನೆಲ್ಲ ವಿಚಾರಿಸಿದೆ. ಅಡ್ರೆಸ್ ಸಿಗದಾಗ ಸಾಧನ ತಾನೇ ಇಟ್ಟುಕೊಳ್ಳುವ, 169.254ರಿಂದ ಶುರುವಾಗುವ ಅಡ್ರೆಸ್ ಯಾರಿಗೂ ಬಂದಿರಲಿಲ್ಲ, ಅಂದರೆ ಅಡ್ರೆಸ್ ಹಂಚುವ ಡಿಎಚ್‌ಸಿಪಿ ನಿರಪರಾಧಿ. ಪಿಪಿಪಿಒಇ (ನೆಟ್ ಕಂಪನಿಗೆ ಲಾಗಿನ್ ಆಗುವ ವಿಧಾನ) ಅಂದಮೇಲೆ ಎಂಟಿಯು (ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ) 1492 ಇರಬೇಕು, ಇತ್ತು. ಗೂಗಲ್‌ನ 8.8.8.8ಕ್ಕೆ ಪಿಂಗ್ (ಇದ್ದೀಯಾ ಅಂತ ಕೂಗಿ ನೋಡುವುದು) ಜುಮ್ಮಂತ ಹೋಗುತ್ತಿತ್ತು. ಹೆಸರು ಕೊಟ್ಟು ಪಿಂಗ್ ಮಾಡಿದರೆ ಮೌನ. ಸರಿ, ಹೆಸರನ್ನು ಐಪಿಯಾಗಿ ಬಿಡಿಸುವ ಡಿಎನ್ಎಸ್. ಫೋನ್ ಮತ್ತು ವಿಂಡೋಸ್ "ಇಂಟರ್ನೆಟ್ ಇಲ್ಲ" ಅನ್ನುವುದೂ ಇದೇ ಕಾರಣಕ್ಕೆ ಅಲ್ವಾ? ತಮ್ಮ ಕಂಪನಿಯ ಒಂದು ಗೊತ್ತಾದ ಅಡ್ರೆಸ್‌ನಿಂದ ಚಿಕ್ಕ ಉತ್ತರ ತರಿಸಿ ನೋಡುತ್ತವೆ. ಆ ಹೆಸರೇ ಬಿಡಿಸಲಾಗದಿದ್ದರೆ ಕಥೆ ಮುಗಿಯಿತು. ನನ್ನ ಲ್ಯಾಪ್‌ಟಾಪ್‌ಗೆ 9.9.9.9 ಅನ್ನುವ ಬೇರೆ ಡಿಎನ್ಎಸ್ ಕೈಯಾರೆ ಕೊಟ್ಟಿದ್ದರಿಂದ ಅದೊಂದು ಮಾತ್ರ ಆರಾಮಾಗಿತ್ತು.

ಡಿಎನ್ಎಸ್ ಯಾಕೆ ಸತ್ತಿದೆ? ಇಲ್ಲಿ ತಲೆ ಕೆಟ್ಟಿತು. ನಮ್ಮನೆಯಲ್ಲಿ ಮನೆಯ ಡಿಎನ್ಎಸ್ ಪ್ರಶ್ನೆಗಳನ್ನು ತೆಗೆದುಕೊಳ್ಳುವ ಡಿಎನ್ಎಸ್‌ಮಾಸ್ಕ್ ಹಿಂದೆ, ಅವನ್ನು ಗುಟ್ಟಾಗಿ ಹೊರಗೆ ಸಾಗಿಸುವ ಸ್ಟಬ್ಬಿ ಇದೆ. ಎಲ್ಲ ಪ್ರಶ್ನೆಗಳೂ 853ನೇ ಪೋರ್ಟ್‌ನಲ್ಲಿ ಟಿಎಲ್ಎಸ್ ಅನ್ನುವ ಗೂಢಲಿಪಿಯ ಒಳಗೆ ಹೋಗುತ್ತವೆ. ಜನವರಿಯಲ್ಲೂ ಒಮ್ಮೆ ಹೀಗೇ ಆಗಿತ್ತು. ಆಗ ಸ್ಟಬ್ಬಿ ತೆಗೆದು ಸಾದಾ 8.8.8.8 ಕೊಟ್ಟೆ, ನೆಟ್ ಬಂತು. ಮತ್ತೆ ಸ್ಟಬ್ಬಿ ಹಾಕಿದೆ, ಆಗಲೂ ನೆಟ್ ಇತ್ತು. ಬೇಕಂತಲೇ ಪ್ಲಗ್ ಕಿತ್ತು ಹಾಕಿದರೂ ಬಂತು. ಅದಾದ ಮೇಲೆ ತಿಂಗಳುಗಟ್ಟಲೆ ಸುಮ್ನಿತ್ತು. ಇಂಥ ದೋಷಕ್ಕಿಂತ ಪೂರ್ತಿ ಸುಟ್ಟುಹೋದ ಬೋರ್ಡ್ ವಾಸಿ.

ಈ ಸಲ ಏನೂ ಮುಟ್ಟದೆ ಮೊದಲು ಲಾಗ್ (ರೌಟರ್ ತಾನೇ ಬರೆದಿಡುವ ದಿನಚರಿ) ತೆಗೆದೆ. ಸ್ಟಬ್ಬಿಯದು ಒಂದೇ ಗೋಳು: ಸರ್ಟಿಫಿಕೇಟ್ (ಆಚೆ ಸರ್ವರ್‌ನ ಗುರುತಿನ ಚೀಟಿ) ಇನ್ನೂ ಜಾರಿಗೆ ಬಂದಿಲ್ಲ. ಅವಧಿ ಮುಗಿದಿದೆ ಅಂತಲ್ಲ, ಇನ್ನೂ ಶುರುವೇ ಆಗಿಲ್ಲವಂತೆ! ಎಡಗಡೆ ದಿನಾಂಕ ನೋಡಿದರೆ ಜನವರಿ. ಹೊರಗೆ ರಣಬಿಸಿಲು, ನನ್ನ ರೌಟರ್‌ನಲ್ಲಿ ಇನ್ನೂ ಸಿದ್ಧೇಶ್ವರ ಜಾತ್ರೆ ನಡೆದಿತ್ತು.

ಪೈ 4ರಲ್ಲಿ ಬ್ಯಾಟರಿ ಇರುವ ಗಡಿಯಾರ ಇಲ್ಲ. ಬೂಟ್ ಆಗುವಾಗ ಓಪನ್‌ಡಬ್ಲ್ಯುಆರ್‌ಟಿ ಸೆಟ್ಟಿಂಗ್‌ಗಳಿರುವ ಇಟಿಸಿ ಫೋಲ್ಡರ್‌ನಲ್ಲಿ ಎಲ್ಲಕ್ಕಿಂತ ಹೊಸ ಫೈಲ್ ಹುಡುಕಿ, ಅದರ ದಿನಾಂಕವನ್ನೇ ಈಗಿನ ಸಮಯ ಅಂದುಕೊಳ್ಳುತ್ತದೆ. ನಾನು ಕೊನೆಯ ಸಲ ಸೆಟ್ಟಿಂಗ್ ಸೇವ್ ಮಾಡಿದ್ದು ಜನವರಿಯಲ್ಲಿ. ಅಷ್ಟರಲ್ಲಿ ಆಚೆ ಡಿಎನ್ಎಸ್ ಸರ್ವರ್‌ನ ಸರ್ಟಿಫಿಕೇಟ್ ಹೊಸದಾಗಿದೆ. ಜನವರಿಯಲ್ಲಿ ಕೂತವನಿಗೆ ಅದು ಭವಿಷ್ಯದ ಕಾಗದ. ಸರಿ, ನೆಟ್‌ನಿಂದ ಸಮಯ ತರುವ ಎನ್‌ಟಿಪಿ ಅದನ್ನು ತಿದ್ದಬೇಕಲ್ಲ? ತಿದ್ದಲು ಎನ್‌ಟಿಪಿ ಸರ್ವರ್‌ನ ಹೆಸರು ಬಿಡಿಸಬೇಕು. ಅದಕ್ಕೆ ಡಿಎನ್ಎಸ್ ಬೇಕು. ಡಿಎನ್ಎಸ್‌ಗೆ ಸರಿಯಾದ ಸಮಯ ಬೇಕು. ಹುಚ್ಚು ಬಿಡೋತನಕ ಮದುವೆ ಆಗಲ್ಲ, ಮದುವೆ ಆಗೋತನಕ ಹುಚ್ಚು ಬಿಡಲ್ಲ.

ಜನವರಿಯ ಪವಾಡವೂ ಈಗ ಬಿಡಿಸಿಕೊಂಡಿತು. ಸಾದಾ ಡಿಎನ್ಎಸ್ ಕೊಟ್ಟ ಕೂಡಲೇ ಗಡಿಯಾರ ಸರಿಹೋಗಿತ್ತು. ಆಮೇಲೆ ಸೇವ್ ಮಾಡಿದ ಫೈಲ್‌ಗೆ ಅವತ್ತಿನ ದಿನಾಂಕ ಬಿತ್ತು. ಮುಂದಿನ ಸರ್ಟಿಫಿಕೇಟ್ ಬರುವವರೆಗೆ ಎಷ್ಟು ಸಲ ರೀಬೂಟ್ ಮಾಡಿದರೂ ಏನೂ ಆಗುವ ಹಾಗಿರಲಿಲ್ಲ. ಅದಕ್ಕೂ ಮುಂಚೆ ಈ ರೋಗ ಕಾಣದೇ ಇದ್ದಿದ್ದು ಮಿನಿ ಯುಪಿಎಸ್ ದಯೆಯಿಂದ. ಅದರ 18650 ಅನ್ನುವ ಬ್ಯಾಟರಿ ಸೆಲ್‌ಗಳು ಬಿಸಿಲಿಗೆ ಸೊರಗುವ ತನಕ ರೌಟರ್ ಆಫ್ ಆಗಿದ್ದೇ ಕಡಿಮೆ.

ಮದ್ದು ಒಂದೇ ಸಾಲು. ಎನ್‌ಟಿಪಿ ಡಾಟ್ ಆರ್ಗ್‌ನಿಂದ ಮುಗಿಯುವ ಹೆಸರುಗಳನ್ನು ಮಾತ್ರ ಸ್ಟಬ್ಬಿಗೆ ಕೊಡದೆ ನೇರವಾಗಿ 8.8.8.8ಕ್ಕೆ ಕೇಳು ಅಂತ ಡಿಎನ್ಎಸ್‌ಮಾಸ್ಕ್‌ಗೆ ಹೇಳಿದೆ. ಎನ್‌ಟಿಪಿಗೆ ನೇರ ಐಪಿ ಕೊಟ್ಟರೂ ನಡೆಯುತ್ತದೆ, ಆದರೆ ನಾಳೆ ಐಪಿ ಬದಲಾದರೆ ಇದೇ ಗೋಳು. ಜೊತೆಗೆ ಸಮಯ ಸರಿಯಾದ ಕೂಡಲೇ ಸ್ಟಬ್ಬಿಯನ್ನು ಮತ್ತೆ ಶುರು ಮಾಡುವ ಪುಟ್ಟ ಸ್ಕ್ರಿಪ್ಟ್ ಒಂದನ್ನು ಹಾಟ್‌ಪ್ಲಗ್‌ನ ಎನ್‌ಟಿಪಿ ಫೋಲ್ಡರ್‌ಗೆ ಹಾಕಿದೆ. ಇಟಿಸಿಯ ಫೈಲ್‌ಗಳಿಗೆಲ್ಲ ಹಳೇ ದಿನಾಂಕ ಕೊಟ್ಟು ಪ್ಲಗ್ ಕಿತ್ತು ನೋಡಿದೆ. ಹಳೇ ದಿನಾಂಕದಲ್ಲೇ ಎದ್ದಿತು, ಒಂದು ಗಳಿಗೆ ತಡವರಿಸಿತು, ಮೇಗೆ ಜಿಗಿಯಿತು. ಟಿವಿಯಲ್ಲಿ ನೆಟ್ ಬಂತು.

ಆದರೂ ಬ್ಯಾಟರಿ ಇರುವ ಗಡಿಯಾರ ಒಂದಿರಲಿ ಅಂತ ಆನ್‌ಲೈನ್‌ನಲ್ಲಿ ಡಿಎಸ್3231 ಅನ್ನುವ ಗಡಿಯಾರದ ಚಿಪ್ ತರಿಸಿದೆ. ಫೋಟೋದಲ್ಲಿ ಡಿಎಸ್3231, ಪ್ಯಾಕೆಟ್ ಒಳಗೆ ಬೇರೆ ಗಡಿಯಾರದ ಚಿಪ್, ಡಿಎಸ್1307. ಎರಡೂ ಐ2ಸಿಯಲ್ಲಿ (ಚಿಪ್‌ಗಳು ಮಾತಾಡುವ ತಂತಿಗಳು) ಹೆಕ್ಸ್ 68 ಅನ್ನುವ ಒಂದೇ ಅಡ್ರೆಸ್‌ನಲ್ಲಿ ಕಾಣುತ್ತವೆ, ಸ್ಕ್ಯಾನ್ ಮಾಡಿದರೆ ಗೊತ್ತಾಗಲ್ಲ. ಭೂತಗನ್ನಡಿಯಲ್ಲಿ ಚಿಪ್ ಮೇಲಿನ ಅಕ್ಷರ ಓದಬೇಕು. ಮಾರಿದವನನ್ನು ಕೇಳಿದರೆ "ಸೇಮ್ ವರ್ಕ್ ಸರ್" ಅಂದ. 1307ಕ್ಕೆ 5 ವೋಲ್ಟ್ ಬೇಕು. ಈ ಬೋರ್ಡ್‌ನಲ್ಲಿ ಡೇಟಾ ತಂತಿಗಳೂ 5 ವೋಲ್ಟ್‌ಗೇ ಕಟ್ಟಿರುತ್ತವೆ. ಪೈನ ಪಿನ್‌ಗಳು ತಡೆಯುವುದು 3.3. ಸೇಮ್ ವರ್ಕ್ ಅಂತೆ, ಸುಟ್ಟರೆ ಇವನು ಕೊಡ್ತಾನಾ?

ಅಸಲಿ 3231 ಎರಡಾದರೂ ಬೇಕು ನನಗೆ. ಒಂದು ಪೈಗೆ. ಇನ್ನೊಂದು ತಿಕೋಟಾದಲ್ಲಿರುವ ಮಾಮನ ಒಣದ್ರಾಕ್ಷಿ ಶೆಡ್‌ಗೆ. ಮುಂದಿನ ಹಂಗಾಮಿಗೆ ಅಲ್ಲಿ ಎಸ್‌ಎಚ್‌ಟಿ31 ಸೆನ್ಸರ್ ತೂಗುಹಾಕಿ, ರ್ಯಾಕ್‌ಗಳ ನಡುವಿನ ತೇವ ಮತ್ತು ಬಿಸಿಯನ್ನು ಲೋರಾ ಅನ್ನುವ ದೂರ ಮುಟ್ಟುವ ರೇಡಿಯೋದಲ್ಲಿ ಮನೆವರೆಗೆ ಕಳಿಸಬೇಕು ಅಂತಿದೆ. 865ರಿಂದ 867 ಮೆಗಾಹರ್ಟ್ಸ್‌ಗೆ ನಮ್ಮಲ್ಲಿ ಲೈಸೆನ್ಸ್ ಬೇಡ. ಅಕಾಲ ಮಳೆಗೆ ಮುಂಚೆ ತೇವ ಹೇಗೆ ಏರುತ್ತದೆ ಅಂತ ನೋಡಬೇಕು. ಶೆಡ್‌ನಲ್ಲಿ ನೆಟ್ ಇಲ್ಲ, ಎನ್‌ಟಿಪಿ ಇಲ್ಲ. ಗಡಿಯಾರ ಕೈಕೊಟ್ಟರೆ ಮಳೆ ಯಾವತ್ತಿನದು, ತೇವ ಯಾವತ್ತಿನದು ಅಂತ ಹೊಂದಿಸಲು ಆಗಲ್ಲ. ಗಂಧಕದ ಹೊಗೆ ಹಾಕುವ ಶೆಡ್ ಬೇರೆ, ಸೆನ್ಸರ್ ಎಷ್ಟು ದಿನ ಬಾಳುತ್ತದೋ ನೋಡಬೇಕು.

ಇಲ್ಲಿನ ಅಂಗಡಿಗಳಲ್ಲಿ ಕೇಳಿದೆ, ರಿಮೋಟ್ ಮತ್ತು ಅಡಾಪ್ಟರ್ ಬಿಟ್ಟರೆ ಏನೂ ಇಲ್ಲ. ಸೋಲಾಪುರದಲ್ಲಿ ಯಾರಾದರೂ ಅಸಲಿ ಚಿಪ್ ಇಟ್ಟಿದ್ದರೆ ಅಂಗಡಿ ಯಾವುದು ಅಂತ ಹೇಳಿ. ಈ ಭಾನುವಾರವೇ ಬೈಕ್ ತೆಗೆಯುತ್ತೇನೆ.